ಗ್ರಂಥಪಾಲಕರ ಗುರು ರಂಗನಾಥನ್

ಕೋಲಾರ ಜಿಲ್ಲೆಯ ಮುಳಬಾಗಿಲು ಡಿ. ವಿ. ಗುಂಡಪ್ಪನವರ ಹುಟ್ಟೂರು. ಮಾಲೂರು ತಾಲ್ಲೂಕು ಮಾಸ್ತಿ ವೆಂಕಟೇಶ ಅಯ್ಯಂಗಾರರ ತವರು. ಇಂಥ ಲೇಖಕರನ್ನು ಕೊಟ್ಟ ನಾಡಿನಲ್ಲಿ ಅವರ ಗ್ರಂಥಗಳು ರೈತನ ಮನೆಯ ಮಕ್ಕಳ ಕೈಯನ್ನೂ ಸೇರಬೇಕಾದರೆ ಬರೆದವರು ಇದ್ದರಷ್ಟೇ ಸಾಲದು. ಗ್ರಂಥಗಳನ್ನು ಸಂಗ್ರಹಿಸಿ, ಕ್ರಮವಾಗಿ ಜೋಡಿಸಿ, ಬೇಕೆಂದವರಿಗೆ ಬೇಕಾದಾಗ ತೆಗೆದುಕೊಡುವವರೂ ಇರಬೇಕು. ಆ ಕೆಲಸ ಗ್ರಂಥಪಾಲಕನದು. ಶಾಲೆಯ ಉಪಾಧ್ಯಾಯನಿಗೆ ಸಹೋದ್ಯೋಗಿಗಳಿರುತ್ತಾರೆ. ವಕೀಲನಿಗೆ ನ್ಯಾಯಾಲಯದಲ್ಲಿ ಸಮಾನ ವೃತ್ತಿಯ ಗೆಳೆಯರು ದೊರೆಯುತ್ತಾರೆ. ಚಿಕ್ಕ ಊರಿನ ಗ್ರಂಥಪಾಲಕನಾದರೋ ಸಾಮಾನ್ಯವಾಗಿ ಒಂಟಿ. ತನ್ನ ಸಂದೇಹವನ್ನು ಕೇಳಲು, ತಾನು ಕಂಡುಕೊಂಡ ಒಳ್ಳೆಯ ಉಪಾಯವನ್ನು ಹೇಳಲು ಅವನ ಹತ್ತಿರ ಯಾರೂ ಇರುವುದಿಲ್ಲ. ಈ ಒಂಟಿತನದ ಕಷ್ಟವನ್ನು ತಾವೇ ಅನುಭವಿಸಿ, ಅದನ್ನು ನೀಗುವುದಕ್ಕಾಗಿ ಬಾಳನ್ನೇ ಮುಡಿಪಾಗಿಟ್ಟ ಮಹನೀಯರು ಡಾ. ಎಸ್. ಆರ್. ರಂಗನಾಥನ್.

ಶಿಯಾಳಿ ರಾಮಾಮೃತ ರಂಗನಾಥನ್ 1892ರ ಆಗಸ್ಟ್ ತಿಂಗಳಿನಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ತಂದೆ ರಾಮಾಮೃತ ಅಯ್ಯರ್, ತಾಯಿ ಸೀತಾಲಕ್ಷ್ಮಿ. ತಂದೆಗೆ ಸ್ವಲ್ಪ ಜಮೀನಿತ್ತು; ನೆರೆಹೊರೆಯವರಿಗೆ ರಾಮಾಯಣವನ್ನು ಓದಿ ಅರ್ಥ ಹೇಳುವುದು ಅವರಿಗೆ ಪ್ರಿಯವಾದ ಕೆಲಸವಾಗಿತ್ತು. ರಂಗನಾಥನ್ ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಯ ಹಿರಿಯರ ಆಶ್ರಯದಲ್ಲಿ ಬೆಳೆದು, ಊರಿನ ಹಿಂದೂ ಪ್ರೌಢಶಾಲೆಯಲ್ಲಿ ವಿದ್ಯಾಭ್ಯಾಸ ಮಾಡಿದರು. ಬಾಲ್ಯದಲ್ಲಿ ಅವರಿಗೆ ಮಾತು ತೊದಲುತ್ತಿತ್ತು. ಆದರೂ ಧೈರ್ಯಗೆಡದೆ ಅಭ್ಯಾಸದಿಂದ ಆ ಕೊರತೆಯನ್ನು ಹತ್ತಿಕ್ಕಿದರು. ಮುಂದೆ ಸಾವಿರಾರು ಜನರ ಮುಂದೆ ಉಪನ್ಯಾಸ ನೀಡಬಲ್ಲ ವಾಗ್ಮಿಯಾಗಿ ಅವರು ಬೆಳೆದರು.

ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತವನ್ನು ವಿಶೇಷವಾಗಿ ಅಧ್ಯಯನ ಮಾಡಿ 1913ರಲ್ಲಿ ಬಿ.ಎ. ಪದವಿಯನ್ನೂ 1916ರಲ್ಲಿ ಎಂ.ಎ. ಪದವಿಯನ್ನೂ ಪಡೆದರು. ಅಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಎಡ್ವರ್ಡ್ ರಾಸ್ ಎಂಬ ಪ್ರಾಧ್ಯಾಪಕರು ಶಿಷ್ಯನ ಮೇಲೆ ಅಪಾರವಾದ ವಾತ್ಸಲ್ಯವಿರಿಸಿದ್ದರು. ಗುರುವೆಂದರೆ ಹೇಗಿರಬೇಕೆಂಬುದನ್ನು ರಂಗನಾಥನ್ ಅವರಿಂದ ಕಲಿತರು. ಅನಂತರ ಶಿಕ್ಷಕರ ತರಬೇತಿಯನ್ನೂ ಮುಗಿಸಿ, 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜನ್ನು ಅಧ್ಯಾಪಕರಾಗಿ ಸೇರಿದರು. ಕನ್ನಡ ನಾಡಿನೊಡನೆ ಅವರ ಸಂಬಂಧ ಮೊದಲಾದುದು ಹೀಗೆ. ಮಂಗಳೂರಿನಿಂದ ಕೊಯಮತ್ತೂರಿಗೂ ಅಲ್ಲಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೂ ವರ್ಗವಾಗಿ, ಅವರು ವಿದ್ಯಾರ್ಥಿಗಳ ಮೆಚ್ಚಿನ ಗಣಿತಾಧ್ಯಾಪಕರೆನಿಸಿದರು.

ಆ ಕಾಲದಲ್ಲಿ ಮದರಾಸು ವಿಶ್ವವಿದ್ಯಾನಿಲಯವು ತನ್ನ ಗ್ರಂಥಾಲಯಕ್ಕೆ ಒಬ್ಬ ಗ್ರಂಥಪಾಲಕರನ್ನು ನೇಮಿಸಲು ನಿರ್ಧರಿಸಿತು. ಅಧ್ಯಾಪಕರ ಸಂಬಳಕ್ಕಿಂತ ಆ ಹುದ್ದೆಯ ಸಂಬಳ ಹೆಚ್ಚಾಗಿತ್ತು. ಮಿತ್ರರ ಒತ್ತಾಯಕ್ಕೆ ಮಣಿದು ರಂಗನಾಥನ್ ಅರ್ಜಿ ಹಾಕಿದರು, ಆಯ್ಕೆಯೂ ಆದರು. 1924ರ ಜನವರಿಯಲ್ಲಿ ಹೊಸ ಕೆಲಸಕ್ಕೆ ಸೇರಿದರು. ಅಲ್ಲಿ ಅವರಿಗೆ ಎದುರಾದುದು ನಿಶ್ಶಬ್ದ. ಓದುಗರು ಬಹು ವಿರಳ, ಮಾತನಾಡಲು ಜೊತೆಗಾರರಿಲ್ಲ. ತರಗತಿಯ ಚಟುವಟಿಕೆಗೆ ಒಗ್ಗಿಹೋಗಿದ್ದ ಅವರಿಗೆ ಇಡೀ ದಿನ ಕುರ್ಚಿಯಲ್ಲಿ ಒಬ್ಬರೇ ಕುಳಿತಿರುವುದು ಸೆರೆವಾಸದಂತೆ ತೋರಿತು. ಒಂದು ವಾರ ಕಳೆಯುವಷ್ಟರಲ್ಲಿ ಅವರು ತಾಳ್ಮೆಗೆಟ್ಟರು. ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಿ, ತಮ್ಮನ್ನು ಮತ್ತೆ ಅಧ್ಯಾಪಕ ವೃತ್ತಿಗೆ ಸೇರಿಸಿಕೊಳ್ಳಬೇಕೆಂದು ಪ್ರಾಂಶುಪಾಲರನ್ನು ಬೇಡಿಕೊಂಡರು. ಗ್ರಂಥಾಲಯದ ಕೆಲಸವನ್ನು ಕಲಿಯಲು ಅವರು ಇಂಗ್ಲೆಂಡಿಗೆ ಹೋಗಬೇಕೆಂಬುದು ಆಗಲೇ ಗೊತ್ತಾಗಿತ್ತು. ಮೊದಲು ಅಲ್ಲಿಗೆ ಹೋಗಿ ಬರಲೆಂದೂ ಹಿಂದಿರುಗಿದ ಮೇಲೂ ಮನಸ್ಸು ಒಪ್ಪದಿದ್ದರೆ ಮರಳಿ ಕಾಲೇಜಿಗೆ ಸೇರಬಹುದೆಂದೂ ಪ್ರಾಂಶುಪಾಲರು ಸಮಾಧಾನ ಹೇಳಿ ಕಳುಹಿಸಿದರು. ಆ ಒಂದು ಮಾತು ರಂಗನಾಥನ್ ಅವರ ಬಾಳಿನ ದಿಕ್ಕನ್ನೇ ಬದಲಿಸಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗ್ರಂಥಾಲಯ ವೃತ್ತಿಯನ್ನು ಕಲಿಸುವ ಶಾಲೆಯಿತ್ತು. ಅಲ್ಲಿ ಬರ್ವಿಕ್ ಸೇಯರ್ಸ್ ಎಂಬ ಗುರುಗಳು ಅವರಿಗೆ ದೊರೆತರು. ಸೇಯರ್ಸ್ ಕ್ರಾಯ್ಡನ್ ಪಟ್ಟಣದ ಮುಖ್ಯ ಗ್ರಂಥಪಾಲಕರೂ ಆಗಿದ್ದರು. ರಂಗನಾಥನ್ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಅಲ್ಲಿ ಕಂಡ ದೃಶ್ಯ ಅವರನ್ನು ಬೆರಗುಗೊಳಿಸಿತು. ಕಾರ್ಖಾನೆಯ ಕೆಲಸಗಾರರು, ಗೃಹಿಣಿಯರು, ಪುಟ್ಟ ಮಕ್ಕಳು ಎಲ್ಲರೂ ಗ್ರಂಥಾಲಯವನ್ನು ತಮ್ಮ ಮನೆಯೆಂಬಂತೆ ಬಳಸುತ್ತಿದ್ದರು. ಇನ್ನೊಂದು ಸಂಗತಿಯೂ ಅವರ ಮನಸ್ಸನ್ನು ಸೆಳೆಯಿತು. ಆ ದೇಶದ ಗ್ರಂಥಪಾಲಕರು 1877ರಷ್ಟು ಹಿಂದೆಯೇ ತಮ್ಮದೊಂದು ಸಂಘವನ್ನು ಕಟ್ಟಿಕೊಂಡು, ಕೂಡಿ ಚರ್ಚಿಸಿ, ತಮ್ಮ ವೃತ್ತಿಯನ್ನು ಬೆಳೆಸಿಕೊಂಡಿದ್ದರು. ಮದರಾಸಿನಲ್ಲಿ ತಮ್ಮನ್ನು ಬಾಧಿಸಿದುದು ವೃತ್ತಿಯ ದೋಷವಲ್ಲ, ಬಳಗದ ಅಭಾವ ಎಂಬುದು ಅವರಿಗೆ ಹೊಳೆಯಿತು.

ಗ್ರಂಥಗಳನ್ನು ವಿಷಯಕ್ಕನುಸಾರವಾಗಿ ವಿಂಗಡಿಸಲು ಆಗ ಬಳಕೆಯಲ್ಲಿದ್ದ ಪದ್ಧತಿಗಳು ಗಣಿತಜ್ಞರಾದ ಅವರಿಗೆ ತೃಪ್ತಿ ನೀಡಲಿಲ್ಲ. ಒಮ್ಮೆ ಲಂಡನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಮೆಕ್ಯಾನೊ ಎಂಬ ಆಟದ ಸಾಮಾನನ್ನು ಕಂಡರು. ಕೆಲವೇ ಪಟ್ಟಿಗಳು, ಚಕ್ರಗಳು, ತಿರುಪುಗಳು. ಅವನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿದರೆ ಬೇರೆ ಬೇರೆ ಯಂತ್ರಗಳು ಸಿದ್ಧವಾಗುತ್ತಿದ್ದವು. ಗ್ರಂಥದ ವಿಷಯವನ್ನೂ ಹೀಗೆಯೇ ಬಿಡಿ ಅಂಶಗಳಾಗಿ ಒಡೆದು ಜೋಡಿಸಬಹುದೆಂದು ಅವರು ಕಂಡುಕೊಂಡರು. ಶ್ರೀನಿವಾಸಪುರದ ಮಾವಿನ ಮರಗಳಿಗೆ ಯಾವುದೋ ಒಂದು ವರ್ಷ ತಗುಲಿದ ರೋಗವನ್ನು ಕುರಿತ ಪುಸ್ತಕವೊಂದಿದೆ ಎಂದು ಭಾವಿಸೋಣ. ಅದರಲ್ಲಿ ವ್ಯವಸಾಯವೆಂಬ ಶಾಸ್ತ್ರವಿದೆ, ಮಾವು ಎಂಬ ಬೆಳೆಯಿದೆ, ರೋಗವೆಂಬ ಸಮಸ್ಯೆಯಿದೆ, ಊರಿದೆ, ಕಾಲವಿದೆ. ಪ್ರತಿಯೊಂದು ಅಂಶಕ್ಕೂ ಒಂದು ಗುರುತು ಕೊಟ್ಟು ಅವನ್ನು ಕೂಡಿಸಿದರೆ ಆ ಪುಸ್ತಕಕ್ಕೆ ತಕ್ಕ ಸಂಖ್ಯೆ ಸಿದ್ಧವಾಗುತ್ತದೆ. ಅಂಶಗಳನ್ನು ಕೂಡಿಸಲು ಅವರು ಕೋಲನ್ ಎಂಬ ಎರಡು ಚುಕ್ಕೆಗಳ ಚಿಹ್ನೆಯನ್ನು ಬಳಸಿದುದರಿಂದ ಈ ಪದ್ಧತಿಗೆ ಕೋಲನ್ ವರ್ಗೀಕರಣ ಎಂಬ ಹೆಸರಾಯಿತು. 1925ರಲ್ಲಿ ಸ್ವದೇಶಕ್ಕೆ ಮರಳುವಾಗ ಹಡಗಿನಲ್ಲಿದ್ದ ಪುಟ್ಟ ಗ್ರಂಥಾಲಯವನ್ನೇ ಈ ಕ್ರಮದಲ್ಲಿ ಜೋಡಿಸಿ ಅವರು ಅದನ್ನು ಪರೀಕ್ಷಿಸಿದರು. ಈ ಪದ್ಧತಿಯನ್ನು ವಿವರಿಸುವ ಗ್ರಂಥ 1933ರಲ್ಲಿ ಪ್ರಕಟವಾಯಿತು.

ಮದರಾಸಿಗೆ ಹಿಂದಿರುಗಿದ ರಂಗನಾಥನ್ ಮತ್ತೆ ಕಾಲೇಜಿನ ಕಡೆ ತಿರುಗಿ ನೋಡಲಿಲ್ಲ. ಬೀಗ ಹಾಕಿದ ಕಪಾಟುಗಳಿಗೆ ಬದಲಾಗಿ, ಓದುಗರು ತಾವೇ ಹೋಗಿ ಪುಸ್ತಕ ಆರಿಸಿಕೊಳ್ಳಬಹುದಾದ ತೆರೆದ ಕಪಾಟುಗಳನ್ನು ಜಾರಿಗೆ ತಂದರು. ಗ್ರಂಥಾಲಯವು ತೆರೆದಿರುವ ವೇಳೆಯನ್ನು ಹೆಚ್ಚಿಸಿದರು. ಆದರೆ ತಮ್ಮದೊಂದು ಗ್ರಂಥಾಲಯ ಸುಧಾರಿಸಿದರೆ ಸಾಲದೆಂಬುದನ್ನು ಅವರು ಬಲ್ಲವರಾಗಿದ್ದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘವನ್ನು ಸ್ಥಾಪಿಸಿ ಅದರ ಕಾರ್ಯದರ್ಶಿಯಾದರು. ಗ್ರಂಥಪಾಲಕರು ಮಾತ್ರವಲ್ಲದೆ ಉಪಾಧ್ಯಾಯರೂ ಸಾರ್ವಜನಿಕರೂ ಅದರಲ್ಲಿ ಕಲೆತರು. 1929ರಲ್ಲಿ ಸಂಘವು ಬೇಸಿಗೆಯ ರಜೆಯಲ್ಲಿ ಗ್ರಂಥಪಾಲಕರಿಗೆ ಶಿಕ್ಷಣ ನೀಡುವ ಶಾಲೆಯನ್ನು ಆರಂಭಿಸಿತು. ಎರಡು ವರ್ಷಗಳ ತರುವಾಯ ವಿಶ್ವವಿದ್ಯಾನಿಲಯವೇ ಅದನ್ನು ವಹಿಸಿಕೊಂಡಿತು. 1931ರಲ್ಲಿ ತಂಜಾವೂರು ಜಿಲ್ಲೆಯ ಮನ್ನಾರಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕಗಳನ್ನು ಹೇರಿಕೊಂಡು ಹಳ್ಳಿಹಳ್ಳಿಗೆ ಹೋಗುವ ಸಂಚಾರಿ ಗ್ರಂಥಾಲಯ ಹೊರಟಿತು.

ಅದೇ ವರ್ಷ ಅವರ ಐದು ಸೂತ್ರಗಳ ಗ್ರಂಥವನ್ನು ಸಂಘವು ಪ್ರಕಟಿಸಿತು. ಗ್ರಂಥವಿರುವುದು ಕಾದಿಡುವುದಕ್ಕಲ್ಲ, ಬಳಸುವುದಕ್ಕೆ. ಯಾವ ಓದುಗನೂ ಬರಿಗೈಯಲ್ಲಿ ಹಿಂದಿರುಗಕೂಡದು. ಯಾವ ಗ್ರಂಥವೂ ಓದುಗನಿಲ್ಲದೆ ಧೂಳು ತಿನ್ನಕೂಡದು. ಓದುಗನ ಹೊತ್ತು ವ್ಯರ್ಥವಾಗಕೂಡದು. ಗ್ರಂಥಾಲಯವು ಜೀವವಿರುವ ವಸ್ತುವಿನಂತೆ ಸದಾ ಬೆಳೆಯುತ್ತಿರುತ್ತದೆ ಎಂಬುದು ಅವುಗಳ ತಾತ್ಪರ್ಯ. ಗಣಿತದ ಸೂತ್ರಗಳಂತೆ ಚಿಕ್ಕವಾದ ಈ ಐದು ತತ್ತ್ವಗಳು ಜಗತ್ತಿನ ಗ್ರಂಥಪಾಲಕರೆಲ್ಲರಿಗೂ ಮಾರ್ಗದರ್ಶಕವಾದವು.

ಈ ಸಾಧನೆಯ ವರ್ಷಗಳು ಅವರಿಗೆ ಸುಖದ ವರ್ಷಗಳಾಗಿರಲಿಲ್ಲ. ಸಂಘವು ಹುಟ್ಟಿದ 1928ರಲ್ಲಿಯೇ ಪತ್ನಿ ರುಕ್ಮಿಣಿಯವರು ಆಕಸ್ಮಿಕವಾಗಿ ಮರಣ ಹೊಂದಿದರು. ಮರುವರ್ಷ ಅವರು ಶಾರದಾ ಅವರನ್ನು ವಿವಾಹವಾದರು. ದುಡಿಮೆಯಲ್ಲಿ ರಂಗನಾಥನ್ ಬಹಳ ಕಠಿಣರು, ರಜೆಯೆಂಬುದನ್ನೇ ಅರಿಯದವರು. ಇತರರೂ ತಮ್ಮಂತೆಯೇ ದುಡಿಯಬೇಕೆಂದು ಅವರು ನಿರೀಕ್ಷಿಸುತ್ತಿದ್ದುದರಿಂದ ಜೊತೆಯಲ್ಲಿದ್ದವರಿಗೆ ಕೆಲವೊಮ್ಮೆ ಕಷ್ಟವೆನಿಸುತ್ತಿತ್ತು. ಆದರೆ ಮನೆಯ ಸರಳ ಜೀವನದ ಭಾರವನ್ನು ಹೊತ್ತು, ಶಿಷ್ಯರನ್ನು ಮಕ್ಕಳಂತೆ ಆದರಿಸಿದ ಶಾರದಾ ಅವರ ಸಹಕಾರದಿಂದ ಅವರ ಕಾರ್ಯ ಸಾಂಗವಾಗಿ ಸಾಗಿತು.

ಎರಡು ದಶಕಗಳ ಸೇವೆಯ ಅನಂತರ ರಂಗನಾಥನ್ ಮದರಾಸನ್ನು ಬಿಟ್ಟರು. ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಸರ್ವಪಲ್ಲಿ ರಾಧಾಕೃಷ್ಣನ್ ಅವರ ಆಹ್ವಾನದ ಮೇರೆಗೆ 1945ರಲ್ಲಿ ಅಲ್ಲಿಗೆ ಹೋದರು. ಅಲ್ಲಿನ ಗ್ರಂಥಭಂಡಾರದಲ್ಲಿ ಸುಮಾರು 1,00,000 ಗ್ರಂಥಗಳು ಕ್ರಮವಿಲ್ಲದೆ ಇದ್ದವು. ತಕ್ಕ ಸಹಾಯಕರು ದೊರೆಯಲಿಲ್ಲ. ಐವತ್ತು ದಾಟಿದ ವಯಸ್ಸಿನಲ್ಲಿ ಅವರು ಎರಡು ವರ್ಷ ಹಗಲಿರುಳು ದುಡಿದು, ಒಬ್ಬರೇ ಆ ರಾಶಿಯನ್ನೆಲ್ಲ ವರ್ಗೀಕರಿಸಿದರು. ಈ ಸಾಹಸ ಆಶ್ಚರ್ಯಕರವಾದುದು. ಆದರೆ ಒಬ್ಬನ ಶ್ರಮವನ್ನೇ ನಂಬಿ ದೇಶದ ಗ್ರಂಥಾಲಯಗಳು ಬೆಳೆಯಲಾರವೆಂಬುದನ್ನೂ ಅದು ತೋರಿಸಿಕೊಟ್ಟಿತು.

1947ರಲ್ಲಿ ಅವರು ದೆಹಲಿ ವಿಶ್ವವಿದ್ಯಾನಿಲಯವನ್ನು ಸೇರಿದರು. ಅವರ ಪ್ರಯತ್ನದಿಂದ ಗ್ರಂಥಾಲಯ ವಿಜ್ಞಾನದಲ್ಲಿ ಉನ್ನತ ಪದವಿಗೂ ಸಂಶೋಧನೆಗೂ ಅಲ್ಲಿ ಅವಕಾಶವಾಯಿತು. 1933ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ್ದ ಭಾರತೀಯ ಗ್ರಂಥಾಲಯ ಸಂಘಕ್ಕೆ ಅವರು 1944ರಿಂದ 1953ರವರೆಗೆ ಅಧ್ಯಕ್ಷರಾಗಿದ್ದರು. ಬೇರೆ ಬೇರೆ ಪ್ರಾಂತಗಳಲ್ಲಿ ಚದುರಿಹೋಗಿದ್ದ ಗ್ರಂಥಪಾಲಕರು ವರ್ಷಕ್ಕೊಮ್ಮೆ ಸಮ್ಮೇಳನದಲ್ಲಿ ಕಲೆತರೆ ಸಾಲದು, ಉಳಿದ ದಿನಗಳಲ್ಲಿಯೂ ಒಬ್ಬರ ವಿಚಾರ ಇನ್ನೊಬ್ಬರಿಗೆ ತಲುಪಬೇಕು ಎಂಬುದು ಅವರ ಆಶಯ. ಅದಕ್ಕಾಗಿ 1949ರಲ್ಲಿ ಸಂಘದ ಪತ್ರಿಕೆ ಅಬ್ಗಿಲಾ ಹೊರಟಿತು. ಶಾಸ್ತ್ರಲೇಖನಗಳು, ವೃತ್ತಿಯ ವಾರ್ತೆಗಳು, ಗ್ರಂಥಾಲಯ ಎಂಬ ಹೆಸರಿನ ಹಿಂದೀ ವಿಭಾಗ ಈ ಮೂರನ್ನೂ ಅದು ಒಳಗೊಂಡಿತ್ತು. ದೂರದ ಊರೊಂದರಲ್ಲಿ ಒಬ್ಬನೇ ಕುಳಿತಿದ್ದ ಗ್ರಂಥಪಾಲಕನಿಗೆ ಅಂಚೆಯಲ್ಲಿ ಬಂದ ಆ ಪತ್ರಿಕೆ ಗೆಳೆಯನ ಕಾಗದದಂತೆ ಇತ್ತು.

ದೆಹಲಿಯಲ್ಲಿ ರಂಗನಾಥನ್ ಅವರ ಮನೆಯೇ ಒಂದು ಗುರುಕುಲವಾಯಿತು. 1951ರಲ್ಲಿ ಅವರು ಗ್ರಂಥಾಲಯ ಸಂಶೋಧನ ಬಳಗವನ್ನು ಕಟ್ಟಿದರು. ರಜೆಯ ದಿನವಾದ ಭಾನುವಾರ ಗ್ರಂಥಪಾಲಕರು ಅಲ್ಲಿ ನೆರೆಯುತ್ತಿದ್ದರು. ತಾವು ಕೆಲಸದಲ್ಲಿ ಎದುರಿಸಿದ ತೊಡಕನ್ನು ಒಬ್ಬರು ಮುಂದಿಟ್ಟರೆ ಉಳಿದವರು ಅದನ್ನು ವಿಮರ್ಶಿಸುತ್ತಿದ್ದರು. ಗುರುಗಳ ಅಭಿಪ್ರಾಯವೂ ವಿಮರ್ಶೆಗೆ ಹೊರತಾಗಿರಲಿಲ್ಲ. ಕೋಲನ್ ಪದ್ಧತಿಯು ಆವೃತ್ತಿಯಿಂದ ಆವೃತ್ತಿಗೆ ತಿದ್ದುಪಡಿ ಹೊಂದಿದುದಕ್ಕೆ ಇಂಥ ಚರ್ಚೆಗಳೂ ಕಾರಣ. ಇಂಗ್ಲೆಂಡಿನಲ್ಲಿಯೂ 1952ರಲ್ಲಿ ವರ್ಗೀಕರಣವನ್ನು ಕುರಿತು ಸಂಶೋಧಿಸುವ ತಂಡವೊಂದು ಲಂಡನ್ನಿನಲ್ಲಿ ರಚಿತವಾಗಿ, ರಂಗನಾಥನ್ ಅವರ ವಿಚಾರಗಳನ್ನು ಆಧಾರವಾಗಿ ಸ್ವೀಕರಿಸಿತು. ಒಂದು ಕಾಲದಲ್ಲಿ ಅವರು ವಿದ್ಯಾರ್ಥಿಯಾಗಿ ಹೋಗಿದ್ದ ನಗರ ಈಗ ಅವರಿಂದ ಕಲಿಯಲು ಮುಂದಾಯಿತು.

ಗ್ರಂಥಪಾಲಕರು ಕೂಡಿ ಮಾತನಾಡಿದರಷ್ಟೇ ಸಾಲದು, ಸಮಾಜದಲ್ಲಿ ಅವರಿಗೆ ಗೌರವದ ಸ್ಥಾನವೂ ಇರಬೇಕೆಂಬುದು ಅವರ ದೃಢವಾದ ನಿಲುವು. ಗ್ರಂಥಪಾಲಕನೆಂದರೆ ಪುಸ್ತಕಗಳ ಕಾವಲುಗಾರನೆಂದು ಭಾವಿಸುವವರೇ ಆಗ ಹೆಚ್ಚಾಗಿದ್ದರು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 1957ರಲ್ಲಿ ನೇಮಿಸಿದ ಗ್ರಂಥಾಲಯ ಸಮಿತಿಗೆ ರಂಗನಾಥನ್ ಅಧ್ಯಕ್ಷರಾದರು. ಕಾಲೇಜು ಮತ್ತು ವಿಶ್ವವಿದ್ಯಾನಿಲಯಗಳ ಗ್ರಂಥಪಾಲಕರಿಗೆ ಅಧ್ಯಾಪಕರಿಗೆ ಸಮನಾದ ಸ್ಥಾನವೂ ವೇತನವೂ ಸಲ್ಲಬೇಕೆಂದು ಆ ಸಮಿತಿ ಶಿಫಾರಸು ಮಾಡಿತು. ಅದೇ 1957ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು.

ಜೀವನದ ಕೊನೆಯ ಹದಿನೈದು ವರ್ಷಗಳನ್ನು ರಂಗನಾಥನ್ ಬೆಂಗಳೂರಿನಲ್ಲಿ ಕಳೆದರು. ಕೆಲಕಾಲ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದಲ್ಲಿದ್ದು ಬರವಣಿಗೆಯಲ್ಲಿ ತೊಡಗಿದ್ದ ಅವರು 1957ರಲ್ಲಿ ಇಲ್ಲಿಗೆ ಬಂದು ನೆಲೆಸಿದರು. ಆಗಲೇ ಅವರು ತಮ್ಮ ಬಾಳಿನ ಉಳಿತಾಯವಾದ ಒಂದು ಲಕ್ಷ ರೂಪಾಯಿಗಳನ್ನು ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕ ಪೀಠಕ್ಕಾಗಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ದಾನ ಮಾಡಿದ್ದರು. ಆ ಪೀಠಕ್ಕೆ ತಮ್ಮ ಹೆಸರಿನೊಡನೆ ಪತ್ನಿಯ ಹೆಸರನ್ನೂ ಸೇರಿಸಿದರು. ಬೆಂಗಳೂರಿನಲ್ಲಿಯೂ ಶಾರದಾ ರಂಗನಾಥನ್ ದತ್ತಿಯನ್ನು ಸ್ಥಾಪಿಸಿ, ತಮ್ಮ ಗ್ರಂಥಗಳಿಂದ ಬರುವ ಆದಾಯವನ್ನು ಅದಕ್ಕೆ ಬಿಟ್ಟುಕೊಟ್ಟರು. ಖಾದಿಯ ಸರಳ ಉಡುಪು, ಮಿತವಾದ ಆಹಾರ ಇವಿಷ್ಟೇ ಅವರ ಅಗತ್ಯಗಳಾಗಿದ್ದವು.

ವಿಶ್ರಾಂತಿ ಪಡೆಯುವ ವಯಸ್ಸಿನಲ್ಲಿ ಅವರು ಇನ್ನೊಂದು ಸಂಸ್ಥೆಯನ್ನು ಕಟ್ಟಿದರು. ಪ್ರೊಫೆಸರ್ ಮಹಲನೋಬಿಸ್ ಅವರು ಸ್ಥಾಪಿಸಿದ್ದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರ ಆರಂಭವಾಯಿತು. ವಿಜ್ಞಾನಿಗಳಿಗೂ ಕೈಗಾರಿಕೆಗಳಿಗೂ ಬೇಕಾದ ಸೂಕ್ಷ್ಮ ವಿಷಯಗಳನ್ನು ಲೇಖನಗಳಿಂದ ಹುಡುಕಿ ಒದಗಿಸಬಲ್ಲ ತಜ್ಞರನ್ನು ತಯಾರಿಸುವುದು ಅದರ ಗುರಿ. ಕೇಂದ್ರದ ವಾರ್ಷಿಕ ವಿಚಾರಗೋಷ್ಠಿಗಳಿಗೆ ದೇಶದ ನಾನಾ ಭಾಗಗಳಿಂದ ಗ್ರಂಥಪಾಲಕರು ಬರುತ್ತಿದ್ದರು. 1964ರಲ್ಲಿ ಅವರು ಮತ್ತೊಂದು ಸಂಶೋಧನ ಪತ್ರಿಕೆಯನ್ನೂ ಬೆಂಗಳೂರಿನಿಂದ ಹೊರಡಿಸಿದರು. 1965ರಲ್ಲಿ ಭಾರತ ಸರ್ಕಾರವು ಅವರನ್ನು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ನೇಮಿಸಿ ಗೌರವಿಸಿತು.

ಸಾರ್ವಜನಿಕ ಗ್ರಂಥಾಲಯಗಳು ದಾನಿಗಳ ದಯೆಯನ್ನು ಕಾಯುತ್ತಿರಬಾರದು, ಅವುಗಳಿಗೆ ಕಾನೂನಿನ ಬಲವಿರಬೇಕು ಎಂಬುದನ್ನು ರಂಗನಾಥನ್ 1930ರಿಂದಲೂ ಪ್ರತಿಪಾದಿಸುತ್ತಿದ್ದರು. 1948ರಲ್ಲಿ ಮದರಾಸು ಪ್ರಾಂತದಲ್ಲಿ ಅಂಥ ಕಾನೂನು ಬಂದಿತು. ಕನ್ನಡ ನಾಡಿಗೂ ಆ ಭಾಗ್ಯ ಒದಗಿತು. ಆಗ ಮೈಸೂರು ಎಂದು ಹೆಸರಿದ್ದ ನಮ್ಮ ರಾಜ್ಯದಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ ರೂಪುಗೊಂಡಿತು. ಅದರ ಹಿಂದೆ ರಂಗನಾಥನ್ ಅವರ ಚಿಂತನೆಯೂ ಮಾರ್ಗದರ್ಶನವೂ ಇದ್ದವು. ನಗರಗಳಿಗೂ ಜಿಲ್ಲೆಗಳಿಗೂ ಗ್ರಂಥಾಲಯ ಪ್ರಾಧಿಕಾರಗಳು ಏರ್ಪಟ್ಟವು. ಮನೆ ಮತ್ತು ಕಟ್ಟಡಗಳ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ವಸೂಲು ಮಾಡಿ ಆ ಹಣವನ್ನು ಗ್ರಂಥಾಲಯಗಳಿಗೆ ವಿನಿಯೋಗಿಸುವ ವ್ಯವಸ್ಥೆಯಾಯಿತು. ಇದಕ್ಕಿಂತ ಮುಖ್ಯವಾದ ಇನ್ನೊಂದು ಏರ್ಪಾಡೂ ಅದರಲ್ಲಿತ್ತು. ಸಾರ್ವಜನಿಕ ಗ್ರಂಥಾಲಯಗಳ ನೌಕರರು ರಾಜ್ಯ ಗ್ರಂಥಾಲಯ ಸೇವೆ ಎಂಬ ಒಂದೇ ಸೇವೆಗೆ ಸೇರಿದವರಾದರು. ಕೋಲಾರದ ಜಿಲ್ಲಾ ಗ್ರಂಥಾಲಯದಲ್ಲಿರಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಶಾಖೆಗಳಲ್ಲಿರಲಿ, ರಾಜಧಾನಿಯಲ್ಲಿರಲಿ, ಗ್ರಂಥಪಾಲಕರು ಒಂದೇ ಬಳಗದವರೆಂಬ ಭಾವನೆಗೆ ಹೀಗೆ ಕಾನೂನಿನ ಆಧಾರ ದೊರೆಯಿತು.

ರಂಗನಾಥನ್ ಕೊನೆಯವರೆಗೂ ಓದು ಬರಹಗಳನ್ನು ಬಿಡಲಿಲ್ಲ. 1972ರ ಸೆಪ್ಟೆಂಬರ್ 27ರಂದು, ಎಂಬತ್ತು ವರ್ಷಗಳು ತುಂಬಿದ ಮೇಲೆ, ಬೆಂಗಳೂರಿನಲ್ಲಿ ಅವರು ದೈವಾಧೀನರಾದರು. ಅವರ ಜನ್ಮದಿನವೆಂದು ಆಗಸ್ಟ್ 12ನ್ನು ಭಾರತದಲ್ಲಿ ರಾಷ್ಟ್ರೀಯ ಗ್ರಂಥಪಾಲಕರ ದಿನವನ್ನಾಗಿ ಆಚರಿಸಲಾಗುತ್ತದೆ. ಆ ದಿನ ಗ್ರಂಥಪಾಲಕರು ಒಂದೆಡೆ ಸೇರುತ್ತಾರೆ. ತಮ್ಮ ಅನುಭವಗಳನ್ನು ಹಂಚಿಕೊಳ್ಳುತ್ತಾರೆ.

ರಂಗನಾಥನ್ ಅವರ ವರ್ಗೀಕರಣ ಪದ್ಧತಿಯನ್ನು ಎಲ್ಲ ಗ್ರಂಥಾಲಯಗಳೂ ಅನುಸರಿಸುತ್ತಿಲ್ಲ. ಆದರೆ ವಿಷಯವನ್ನು ಅಂಶಗಳಾಗಿ ವಿಂಗಡಿಸುವ ಅವರ ಮಾರ್ಗ ಇಂದಿನ ಗಣಕಯಂತ್ರಗಳ ಕಾಲದಲ್ಲಿಯೂ ಮಾಹಿತಿಯನ್ನು ಹುಡುಕುವವರಿಗೆ ನೆರವಾಗುತ್ತಿದೆ. ಅವರು ಕಟ್ಟಿದ ಬಳಗವಂತೂ ಇನ್ನೂ ಬೆಳೆಯುತ್ತಿದೆ. ಮದರಾಸಿನ ನಿಶ್ಶಬ್ದವಾದ ಕೊಠಡಿಯಲ್ಲಿ ಒಂದು ವಾರವನ್ನು ಕಳೆಯಲಾರದೆ ಹೊರಬಂದ ಅಧ್ಯಾಪಕರು ಅಂದು ಕಾಲೇಜಿಗೆ ಹಿಂದಿರುಗಿದ್ದರೆ ಅವರೊಬ್ಬರ ಬೇಸರ ಕಳೆಯುತ್ತಿತ್ತು. ಅವರು ಗ್ರಂಥಾಲಯದಲ್ಲಿಯೇ ಉಳಿದು, ತಮ್ಮಂತೆ ಒಂಟಿಯಾಗಿದ್ದವರನ್ನೆಲ್ಲ ಒಂದುಗೂಡಿಸಿದರು. ಅದರ ಫಲವಾಗಿ, ತಾಲ್ಲೂಕಿನ ಪುಟ್ಟ ಗ್ರಂಥಾಲಯದ ಬಾಗಿಲನ್ನು ಬೆಳಿಗ್ಗೆ ಒಬ್ಬನೇ ತೆರೆಯುವ ಗ್ರಂಥಪಾಲಕನೂ ತಾನು ಒಬ್ಬನೇ ಅಲ್ಲವೆಂಬ ನೆಮ್ಮದಿಯಿಂದ ಕೆಲಸಕ್ಕೆ ತೊಡಗಬಲ್ಲವನಾಗಿದ್ದಾನೆ.